ಹನ್ನೆರಡು ಚಳಿಗಾಲಗಳ ಚರ್ಚೆ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರಕ್ಕೆ ಜನವರಿ ಎಂದರೆ ಮಳೆ, ಮೋಡ, ಚಳಿ. ಫುಟ್‌ಬಾಲ್ ಋತು ಮುಗಿದು ತಿಂಗಳುಗಳೇ ಆಗಿರುತ್ತವೆ. ಮುಂದಿನದು ಆರಂಭವಾಗಬೇಕಾದರೆ ವಸಂತ ಬರಬೇಕು. ಮೈದಾನದಲ್ಲಿ ಏನೂ ನಡೆಯದ ಈ ದಿನಗಳಲ್ಲೇ ಆ ಊರಿನ ಅಭಿಮಾನಿಗಳ ನಡುವೆ ವರ್ಷದ ಬಿರುಸಿನ ಚರ್ಚೆ ನಡೆಯುತ್ತಿತ್ತು. ಅವರ ಹೆಮ್ಮೆಯ ಮಹಿಳಾ ತಂಡದ ಹೆಸರು ಪೋರ್ಟ್‌ಲೆಂಡ್ ಥಾರ್ನ್ಸ್. ಥಾರ್ನ್ಸ್ ಎಂದರೆ ಮುಳ್ಳುಗಳು. ಪೋರ್ಟ್‌ಲೆಂಡ್‌ಗೆ ಗುಲಾಬಿಗಳ ನಗರವೆಂಬ ಬಿರುದಿದೆ. ಗುಲಾಬಿ ಇದ್ದ ಮೇಲೆ ಮುಳ್ಳೂ ಇರಬೇಕಲ್ಲ! ಈ ತಂಡದ ಅಭಿಮಾನಿಗಳ ಸಂಘಕ್ಕೆ ‘ರೋಸ್ ಸಿಟಿ ರಿವೆಟರ್ಸ್’ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ರಿವೆಟ್ ಹೊಡೆದು ದುಡಿದ ಹೆಣ್ಣುಮಕ್ಕಳ ನೆನಪು ಅದರಲ್ಲಿದೆ. 2019ರಲ್ಲಿ ಥಾರ್ನ್ಸ್‌ನ ಪ್ರತಿ ತವರು ಪಂದ್ಯಕ್ಕೆ ಸರಾಸರಿ 20 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರೆಂದರೆ ಅಭಿಮಾನದ ಅಳತೆ ತಿಳಿದೀತು.

ಜನವರಿಯ ಚರ್ಚೆಯ ವಿಷಯ ಒಂದೇ: ಈ ಸಲದ ‘ಡ್ರಾಫ್ಟ್’ನಲ್ಲಿ ನಮ್ಮ ತಂಡ ಯಾರನ್ನು ಆರಿಸಿಕೊಳ್ಳಬೇಕು? 2013ರಿಂದ 2024ರವರೆಗೆ ಹನ್ನೆರಡು ಚಳಿಗಾಲ ಈ ಪ್ರಶ್ನೆ ಎದ್ದಿತು. ಹದಿಮೂರನೆಯ ಚಳಿಗಾಲದಲ್ಲಿ ಏಳಲಿಲ್ಲ. 2024ರ ಆಗಸ್ಟ್ 22ರಂದು ಅಲ್ಲಿನ ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್ ಮತ್ತು ಆಟಗಾರ್ತಿಯರ ಸಂಘ ಹೊಸ ಒಪ್ಪಂದವನ್ನು ಪ್ರಕಟಿಸಿ, ಡ್ರಾಫ್ಟ್ ಪದ್ಧತಿಯನ್ನೇ ತೆಗೆದುಹಾಕಿದವು. ಅಮೆರಿಕದ ಪ್ರಮುಖ ವೃತ್ತಿಪರ ಲೀಗ್‌ಗಳ ಪೈಕಿ ಇಂಥ ಹೆಜ್ಜೆ ಇಟ್ಟದ್ದು ಇದೇ ಮೊದಲು. ಅಭಿಮಾನಿಗಳಿಗೆ ಅಷ್ಟು ಪ್ರಿಯವಾಗಿದ್ದ ಪದ್ಧತಿಯನ್ನು ಏಕೆ ಕೈಬಿಟ್ಟರು? ಇದನ್ನು ತಿಳಿಯಬೇಕಾದರೆ ಆ ಚರ್ಚೆಯಲ್ಲಿ ಏನಿತ್ತು ಎಂಬುದರ ಜೊತೆಗೆ ಏನಿರಲಿಲ್ಲ ಎಂಬುದನ್ನೂ ನೋಡಬೇಕು.

ಹರಾಜಲ್ಲ, ಸರದಿ

ಕ್ರಿಕೆಟ್ ಆಟಗಾರರ ಹರಾಜು ನಮಗೆಲ್ಲ ಪರಿಚಿತ. ಹೆಸರು ಕೂಗುತ್ತಾರೆ, ಮಾಲೀಕರು ಬೆಲೆ ಏರಿಸುತ್ತಾರೆ, ಹೆಚ್ಚು ಕೊಟ್ಟವರಿಗೆ ಆಟಗಾರ ಸಲ್ಲುತ್ತಾನೆ. ಡ್ರಾಫ್ಟ್ ಹಾಗಲ್ಲ. ಅಲ್ಲಿ ಬೆಲೆ ಕೂಗುವವರಿಲ್ಲ, ಸರದಿಯದ್ದೇ ಮಾತು. ಹಿಂದಿನ ವರ್ಷ ಕಟ್ಟಕಡೆಗೆ ಉಳಿದ ತಂಡ ಕಾಲೇಜು ಮುಗಿಸಿ ಬರುವ ಹೊಸ ಪ್ರತಿಭೆಗಳಲ್ಲಿ ತನಗೆ ಬೇಕಾದವರನ್ನು ಮೊದಲು ಆರಿಸುತ್ತದೆ. ಅದಕ್ಕಿಂತ ಮೇಲಿನದು ಎರಡನೆಯದಾಗಿ. ಹೀಗೆ ಸಾಗಿ ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯ ಸರದಿ. ಆರಿಸಲ್ಪಟ್ಟವರು ಲೀಗ್‌ನಲ್ಲಿ ಆಡುವುದಾದರೆ ಆ ತಂಡಕ್ಕೇ ಆಡಬೇಕು. ಸೋತವರಿಗೆ ಮೊದಲ ಪಂಕ್ತಿ, ಗೆದ್ದವರಿಗೆ ಕೊನೆಯ ಪಂಕ್ತಿ ಎಂಬ ಈ ನ್ಯಾಯ ಮೇಲ್ನೋಟಕ್ಕೆ ಸೊಗಸಾಗಿಯೇ ಕಾಣುತ್ತದೆ.

ಇದರ ಮೂಲ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿದೆ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ತನ್ನ ಸೋಲುವ ತಂಡಕ್ಕೆ ಒಳ್ಳೆಯ ಆಟಗಾರರು ಬರುತ್ತಿಲ್ಲವೆಂದು ಕೊರಗುತ್ತಿದ್ದ. ಹಣವೂ ಹೆಸರೂ ಇದ್ದ ತಂಡಗಳು ಒಳ್ಳೆಯವರನ್ನೆಲ್ಲ ಸೆಳೆದುಕೊಳ್ಳುತ್ತಿದ್ದವು. 1935ರಲ್ಲಿ ಅವನು ಮಂಡಿಸಿದ ಸಲಹೆಯನ್ನು ಇತರ ಮಾಲೀಕರು ಒಪ್ಪಿದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಒಂಬತ್ತು ತಂಡಗಳು, ಒಂಬತ್ತು ಸುತ್ತು. ಮೊಟ್ಟಮೊದಲು ಆರಿಸಲ್ಪಟ್ಟ ಜೇ ಬರ್ವಾಂಗರ್ ಒಂದು ದಿನವೂ ವೃತ್ತಿಪರ ಫುಟ್‌ಬಾಲ್ ಆಡಲಿಲ್ಲವೆಂಬುದು ಬೇರೆ ಮಾತು! ಅಂದಿನ ಮಾಲೀಕರಿಗೆ ಇನ್ನೊಂದು ಲಾಭವೂ ಇತ್ತು. ಒಬ್ಬ ಹುಡುಗನೊಂದಿಗೆ ಮಾತುಕತೆ ನಡೆಸುವ ಹಕ್ಕು ಒಂದೇ ತಂಡಕ್ಕಿದ್ದರೆ ಪೈಪೋಟಿ ಇರುವುದಿಲ್ಲ. ಪೈಪೋಟಿ ಇಲ್ಲದಿದ್ದರೆ ಸಂಬಳ ಏರುವುದಿಲ್ಲ. ದುರ್ಬಲ ತಂಡಕ್ಕೆ ನೆರವು ಎಂಬ ನೀತಿಯ ಜೊತೆಗೇ ಈ ವ್ಯಾಪಾರವೂ ಹುಟ್ಟಿತೆಂಬುದನ್ನು ಮರೆಯಬಾರದು.

ಡ್ರಾಫ್ಟ್ ನಮ್ಮಿಂದ ತೀರ ದೂರದ ಸಂಗತಿಯೂ ಅಲ್ಲ. 2008ರಲ್ಲಿ ಐಪಿಎಲ್ ಆರಂಭವಾದಾಗ ಹಿರಿಯರಿಗೆ ಹರಾಜು ನಡೆದರೂ 19 ವರ್ಷದೊಳಗಿನ ಹುಡುಗರನ್ನು ಹಂಚಿದ್ದು ಡ್ರಾಫ್ಟ್ ಮೂಲಕವೇ. ಡೆಲ್ಲಿ ಡೇರ್‌ಡೆವಿಲ್ಸ್ ತನ್ನ ಸರದಿಯಲ್ಲಿ ವೇಗದ ಬೌಲರ್ ಪ್ರದೀಪ್ ಸಂಗ್ವಾನ್ ಅವರನ್ನು ಆರಿಸಿತು. ದೆಹಲಿಯ ಇನ್ನೊಬ್ಬ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ದೆಹಲಿಗೆ ಆಗ ಬ್ಯಾಟ್ಸ್‌ಮನ್‌ಗಳ ಕೊರತೆ ಇರಲಿಲ್ಲ, ಬೇಕಿದ್ದುದು ಬೌಲರ್. ಅಂದಿನ ಲೆಕ್ಕಕ್ಕೆ ಅದು ತಪ್ಪೇನಲ್ಲ. ಇಂದಿಗೂ ಕ್ರಿಕೆಟ್ ಪ್ರೇಮಿಗಳು ಅದರ ಬಗ್ಗೆ ವಾದಿಸುತ್ತಾರೆ. ಡ್ರಾಫ್ಟ್‌ನ ರುಚಿ ಇರುವುದೇ ಇಲ್ಲಿ. ಆರಿಸಿದವರ ಜೊತೆಗೆ ಬಿಟ್ಟವರ ಹೆಸರೂ ದಾಖಲೆಯಲ್ಲಿ ಉಳಿದುಬಿಡುತ್ತದೆ.

ಆರು ಸಾವಿರ ಡಾಲರಿನ ದಿನಗಳು

ಅಮೆರಿಕದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ — ಅಲ್ಲಿಯವರ ಬಾಯಲ್ಲಿ ಅದು ಸಾಕರ್ — ಬೆಳೆದದ್ದು ಕಾಲೇಜು ಮೈದಾನಗಳಲ್ಲಿ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಬಾರದೆಂಬ 1972ರ ‘ಟೈಟಲ್ ನೈನ್’ ಕಾನೂನು ಅದಕ್ಕೆ ದಾರಿ ತೆರೆಯಿತು. ಸಾವಿರಾರು ಹುಡುಗಿಯರು ವಿದ್ಯಾರ್ಥಿವೇತನ ಪಡೆದು ಆಡತೊಡಗಿದರು. ಆದರೆ ಕಾಲೇಜು ಮುಗಿದ ಮೇಲೆ ಎಲ್ಲಿ ಆಡಬೇಕು? 2001ರಲ್ಲಿ ಶುರುವಾದ ಮೊದಲ ವೃತ್ತಿಪರ ಲೀಗ್ ಮೂರೇ ಋತುಗಳಲ್ಲಿ ಮುಚ್ಚಿತು. 2009ರಲ್ಲಿ ಎದ್ದ ಎರಡನೆಯದಕ್ಕೂ ಮೂರೇ ಋತುಗಳ ಆಯಸ್ಸು. 2013ರಲ್ಲಿ ಎಂಟು ತಂಡಗಳೊಂದಿಗೆ ಮೂರನೆಯ ಲೀಗ್ ಹುಟ್ಟಿದಾಗ ಎಲ್ಲರಿಗೂ ಇದ್ದುದು ಆಸೆಗಿಂತ ಹೆಚ್ಚು ಅಂಜಿಕೆ.

ಆ ವರ್ಷ ಕನಿಷ್ಠ ಸಂಬಳ ಇಡೀ ಋತುವಿಗೆ 6 ಸಾವಿರ ಡಾಲರ್. ಅದರಲ್ಲಿ ಜೀವನ ಸಾಗದು. ಹಲವರು ಪರಿಚಿತ ಕುಟುಂಬಗಳ ಮನೆಯಲ್ಲಿ ತಂಗಿ, ಬೇರೆ ಕೆಲಸ ಮಾಡಿಕೊಂಡು ಆಡಿದರು. ಹಣವಿಲ್ಲದ ಲೀಗ್‌ನಲ್ಲಿ ಮಾಲೀಕರು ಬೆಲೆ ಏರಿಸುತ್ತ ಕುಳಿತರೆ ಮತ್ತೊಮ್ಮೆ ಬಾಗಿಲು ಮುಚ್ಚುವುದು ಖಚಿತವೆಂಬ ಭಯವಿತ್ತು. ಆದ್ದರಿಂದ ಡ್ರಾಫ್ಟ್ ಬಂದಿತು. 2013ರ ಜನವರಿ 18ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಶಿಕಾಗೊ ತಂಡ ಝಕಿಯಾ ಬೈವಾಟರ್ಸ್ ಅವರನ್ನು ಮೊದಲನೆಯವರಾಗಿ ಆರಿಸಿತು.

ಹೀಗೆ ಅಭಿಮಾನಿಗಳಿಗೆ ಚಳಿಗಾಲದಲ್ಲೂ ತಂಡದ ಬಗ್ಗೆ ಮಾತಾಡಲು ಒಂದು ಹಬ್ಬ ಸಿಕ್ಕಿತು. ವರ್ಷವಿಡೀ ಕಾಲೇಜು ಪಂದ್ಯಗಳನ್ನು ನೋಡಿ ಹೆಸರುಗಳನ್ನು ಗುರುತು ಹಾಕಿಕೊಂಡವರು, ಪತ್ರಿಕೆಯ ಅಂಕಿಅಂಶಗಳನ್ನು ಕತ್ತರಿಸಿ ಇಟ್ಟವರು, ಮುಂದಿನ ಮೂರು ವರ್ಷಗಳ ಸರದಿಯ ಲೆಕ್ಕವನ್ನು ಬಾಯಿಪಾಠ ಮಾಡಿದವರು, ಎಲ್ಲರೂ ಒಂದೊಂದು ಪಕ್ಷ ಹಿಡಿದರು.

ವಾದದ ಮುಖಗಳು

ಅವರ ವಾದಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು, ಪ್ರತಿಭೆಯೋ ಅಗತ್ಯವೋ ಎಂಬುದು. ಉಳಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳನ್ನು ಆರಿಸಬೇಕೆಂಬುದು ಒಂದು ಪಕ್ಷ. ನಮ್ಮಲ್ಲಿ ಈಗಾಗಲೇ ಮೂವರು ಫಾರ್ವರ್ಡ್‌ಗಳಿದ್ದಾರೆ, ಹಿಂದೆ ನಿಂತು ಕಾಯುವವರಿಲ್ಲ, ಆದ್ದರಿಂದ ರಕ್ಷಣಾ ಆಟಗಾರ್ತಿಯೇ ಬೇಕೆಂಬುದು ಇನ್ನೊಂದು. ಕೊಹ್ಲಿ ಮತ್ತು ಸಂಗ್ವಾನ್ ವಿಷಯದಲ್ಲಿ ದೆಹಲಿಯವರಿಗೆ ಎದುರಾದ ಪ್ರಶ್ನೆಯೂ ಇದೇ.

ಎರಡನೆಯದು ಈ ಲೀಗ್‌ಗೇ ವಿಶಿಷ್ಟವಾದದ್ದು. ಶ್ರೇಷ್ಠ ಆಟಗಾರ್ತಿಯನ್ನು ಆರಿಸಿದರೆ ಅವಳು ರಾಷ್ಟ್ರೀಯ ತಂಡಕ್ಕೆ ಹೋಗುತ್ತಾಳೆ. ವಿಶ್ವಕಪ್ ಅಥವಾ ಒಲಿಂಪಿಕ್ಸ್ ಬಂದ ವರ್ಷ ಅನೇಕ ವಾರ ಕ್ಲಬ್ಬಿನಲ್ಲಿ ಇರುವುದಿಲ್ಲ. ಹಾಗಾದರೆ ತಾರೆಗಿಂತ ಊರಿನಲ್ಲೇ ಉಳಿದು ಪ್ರತಿ ವಾರ ಆಡುವ ಗಟ್ಟಿ ಆಟಗಾರ್ತಿ ಮೇಲಲ್ಲವೇ? ತಾರೆಯರೇ ತುಂಬಿದ್ದ ಪೋರ್ಟ್‌ಲೆಂಡ್‌ನಲ್ಲಿ ಈ ವಾದಕ್ಕೆ ತೂಕ ಹೆಚ್ಚು.

ಮೂರನೆಯದು ಇಂದೋ ನಾಳೆಯೋ ಎಂಬುದು. ಆಯ್ಕೆಯ ಸರದಿಯನ್ನು ತಂಡಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳಬಹುದಿತ್ತು. ಪಳಗಿದ ಆಟಗಾರ್ತಿಯನ್ನು ಕೊಟ್ಟು ಮೊದಲ ಸರದಿಯನ್ನು ಪಡೆಯಬಹುದು. ಇನ್ನೂ ಹುಟ್ಟದ ವರ್ಷದ ಸರದಿಯನ್ನೂ ಮಾರಬಹುದು. ರೈತ ಮುಂದಿನ ಬೆಳೆಯನ್ನು ಅಡವಿಟ್ಟಂತೆ.

ಯಾವ ಪಕ್ಷವೂ ಪೂರ್ತಿ ಗೆದ್ದದ್ದಿಲ್ಲ. 2013ರಲ್ಲಿ ಮೊದಲನೆಯವರಾದ ಬೈವಾಟರ್ಸ್ ಅವರ ವೃತ್ತಿಜೀವನ ಹೆಚ್ಚು ಕಾಲ ನಡೆಯಲಿಲ್ಲ. 2014ರಲ್ಲಿ ಮೊದಲನೆಯವರಾದ ಕ್ರಿಸ್ಟಲ್ ಡನ್ ಮರುವರ್ಷವೇ ಲೀಗ್‌ನ ಶ್ರೇಷ್ಠ ಆಟಗಾರ್ತಿಯಾದರು. 2015ರಲ್ಲಿ ಐದು ಜನರ ಹೆಸರು ಕರೆದ ಮೇಲೆ ಆರನೆಯವರಾಗಿ ಬಂದ ಲಿನ್ ವಿಲಿಯಮ್ಸ್ 2016ರಲ್ಲಿ ಅದೇ ಗೌರವ ಪಡೆದರು. ಭವಿಷ್ಯ ಹೇಳುವವರ ಕಷ್ಟ ಇಷ್ಟರಿಂದಲೇ ತಿಳಿಯುತ್ತದೆ.

ಮೂವರು ಆಟಗಾರ್ತಿಯರು, ಎರಡು ವಿನಿಮಯ

ಪೋರ್ಟ್‌ಲೆಂಡ್‌ನ ಒಂದು ಕಥೆ ಇವೆಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. 2015ರ ಅಕ್ಟೋಬರ್‌ನಲ್ಲಿ ಥಾರ್ನ್ಸ್ ತನ್ನ ಪ್ರಖ್ಯಾತ ತಾರೆ ಅಲೆಕ್ಸ್ ಮಾರ್ಗನ್ ಅವರನ್ನು ಹೊಸದಾಗಿ ಹುಟ್ಟುತ್ತಿದ್ದ ಒರ್ಲ್ಯಾಂಡೊ ಪ್ರೈಡ್ ತಂಡಕ್ಕೆ ಬಿಟ್ಟುಕೊಟ್ಟಿತು. ಪ್ರತಿಯಾಗಿ ಬಂದವುಗಳಲ್ಲಿ 2016ರ ಡ್ರಾಫ್ಟ್‌ನ ಮೊದಲ ಸರದಿಯೂ ಒಂದು. ಆ ಸರದಿಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ರಕ್ಷಣಾ ಆಟಗಾರ್ತಿ ಎಮಿಲಿ ಸಾನೆಟ್ ಆಯ್ಕೆಯಾದರು. ನಾಲ್ಕು ಋತು ಅವರು ಪೋರ್ಟ್‌ಲೆಂಡ್‌ನ ಹಿಂಬದಿಯನ್ನು ಕಾದರು. 2017ರ ಪ್ರಶಸ್ತಿಯಲ್ಲಿ ಪಾಲು ಪಡೆದರು. 2019ರ ವಿಶ್ವಕಪ್ ಗೆದ್ದ ಅಮೆರಿಕ ತಂಡದಲ್ಲಿದ್ದರು. ಊರಿಗೆ ಅವರು ಮನೆಮಗಳಾಗಿದ್ದರು.

2020ರ ಜನವರಿಯಲ್ಲಿ ಥಾರ್ನ್ಸ್ ಅದೇ ಒರ್ಲ್ಯಾಂಡೊಗೆ ಸಾನೆಟ್ ಅವರನ್ನೂ ಇನ್ನಿತರ ಸರದಿಗಳನ್ನೂ ಕೊಟ್ಟು ಮತ್ತೆ ಮೊದಲ ಸರದಿಯನ್ನು ಪಡೆಯಿತು. ಆರಿಸಿದ್ದು ಸ್ಟ್ಯಾನ್‌ಫರ್ಡ್‌ನ 19 ವರ್ಷದ ಸೋಫಿಯಾ ಸ್ಮಿತ್ ಅವರನ್ನು. ಎರಡನೆಯ ಸರದಿಯೂ ಪೋರ್ಟ್‌ಲೆಂಡ್‌ನ ಕೈಯಲ್ಲೇ ಇದ್ದು, ಮಾರ್ಗನ್ ವೀವರ್ ಅವರು ಬಂದರು. ಇಬ್ಬರೂ ಗೋಲು ಹೊಡೆಯುವವರು, ಕಳೆದುಕೊಂಡದ್ದು ಗೋಲು ತಡೆಯುವವರನ್ನು! ಪರೀಕ್ಷೆಗೊಳಗಾದ ಆಟಗಾರ್ತಿಯನ್ನು ಕೊಟ್ಟು ಕಾಲೇಜು ಹುಡುಗಿಯನ್ನು ತಂದದ್ದು ಸರಿಯೇ ಎಂಬುದು ಆ ವ್ಯವಹಾರವೇ ಎಬ್ಬಿಸುವ ಪ್ರಶ್ನೆ.

ಉತ್ತರ ಎರಡು ವರ್ಷಗಳ ನಂತರ ಬಂದಿತು. 2022ರಲ್ಲಿ ಸ್ಮಿತ್ ಲೀಗ್‌ನ ಶ್ರೇಷ್ಠ ಆಟಗಾರ್ತಿಯೆನಿಸಿದರು. ಆ ವರ್ಷದ ಅಂತಿಮ ಪಂದ್ಯದ ನಾಲ್ಕನೆಯ ನಿಮಿಷದಲ್ಲೇ ಗೋಲು ಹೊಡೆದರು. ಪೋರ್ಟ್‌ಲೆಂಡ್ ಕಾನ್ಸಾಸ್ ಸಿಟಿಯನ್ನು 2–0ರಿಂದ ಸೋಲಿಸಿ ಮೂರನೆಯ ಬಾರಿ ಪ್ರಶಸ್ತಿ ಎತ್ತಿತು. ವಿವಾಹದ ನಂತರ ಸೋಫಿಯಾ ವಿಲ್ಸನ್ ಎಂದು ಹೆಸರಾದ ಅವರು ಥಾರ್ನ್ಸ್‌ನ ಚರಿತ್ರೆಯಲ್ಲಿ ಶಾಶ್ವತ ಸ್ಥಾನ ಪಡೆದಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಪೋರ್ಟ್‌ಲೆಂಡ್‌ಗೆ ಲಾಭ. ವಾದ ಮುಗಿಯಿತೆನ್ನಬಹುದು.

ಆದರೆ ಸಾನೆಟ್ ಅವರ ಕಡೆಯಿಂದ ನೋಡಿದರೆ? ಮಾರ್ಗನ್ ಒರ್ಲ್ಯಾಂಡೊಗೆ ಹೋಗುವಾಗ ಅವರ ಪತಿ ಅದೇ ನಗರದ ಪುರುಷರ ತಂಡದಲ್ಲಿದ್ದರು; ಆ ವರ್ಗಾವಣೆ ಅವರ ಮನಸ್ಸಿಗೂ ಹೊಂದುವಂಥದ್ದೇ. ತಾರೆಯ ಇಷ್ಟಕ್ಕೆ ಬೆಲೆ ಸಿಕ್ಕೀತು. ಉಳಿದವರಿಗೆ ಅಂಥ ಬೆಲೆ ಸಿಗಬೇಕೆಂಬ ನಿಯಮ ಇರಲಿಲ್ಲ. ಅಮೆರಿಕದ ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಸಾನೆಟ್ ಅವರ ಹೆಸರು ಹೋಗಲು ಅವರ ಒಪ್ಪಿಗೆ ಬೇಕಿರಲಿಲ್ಲ. ಒರ್ಲ್ಯಾಂಡೊದಲ್ಲಿ ಅವರು ನೆಲೆಯೂರಲೂ ಇಲ್ಲ. ವರ್ಷ ತುಂಬುವ ಮೊದಲೇ ಇನ್ನೊಂದು ವಿನಿಮಯದಲ್ಲಿ ವಾಷಿಂಗ್ಟನ್ ಸ್ಪಿರಿಟ್ ತಂಡಕ್ಕೆ ಸೇರಿದರು, 2021ರಲ್ಲಿ ಅಲ್ಲಿ ಪ್ರಶಸ್ತಿಯನ್ನೂ ಗೆದ್ದರು. ಕೊನೆ ಒಳ್ಳೆಯದಾಯಿತು, ನಿಜ. ಆದರೆ ದಾರಿಯನ್ನು ಅವರು ಆರಿಸಿದ್ದಲ್ಲ.

ಕೇಳದೆ ಉಳಿದ ಪ್ರಶ್ನೆ

ಹನ್ನೆರಡು ಚಳಿಗಾಲದ ಚರ್ಚೆಯಲ್ಲಿ ಬಹುಮಟ್ಟಿಗೆ ಇಲ್ಲದಿದ್ದುದು ಇದೇ. ನಾವು ಯಾರನ್ನು ಆರಿಸಬೇಕೆಂದು ಎಲ್ಲರೂ ಕೇಳಿದರು. ಆಕೆಗೆ ಇಲ್ಲಿ ಬರಲು ಇಷ್ಟವೇ ಎಂದು ಕೇಳಿದವರು ಕಡಿಮೆ. ಇದು ಅಭಿಮಾನಿಗಳ ಕಠೋರತೆಯೇನಲ್ಲ. ಪದ್ಧತಿಯೇ ಹಾಗಿತ್ತು. ಆಟಗಾರ್ತಿಯ ‘ಹಕ್ಕು’ ಎಂಬ ಮಾತನ್ನು ಲೀಗ್‌ನಲ್ಲಿ ಬಳಸುತ್ತಿದ್ದುದು ಆಕೆಯ ಹಕ್ಕು ಎಂಬ ಅರ್ಥದಲ್ಲಲ್ಲ, ಆಕೆಯ ಮೇಲೆ ತಂಡಕ್ಕಿರುವ ಹಕ್ಕು ಎಂಬ ಅರ್ಥದಲ್ಲಿ.

ಒಬ್ಬ ಎಂಜಿನಿಯರ್‌ಗೆ ‘ನಿನ್ನನ್ನು ಈ ವರ್ಷ ಈ ಊರಿನ ಈ ಕಂಪನಿ ಆರಿಸಿದೆ, ಈ ದೇಶದಲ್ಲಿ ಬೇರೆಲ್ಲೂ ನಿನಗೆ ಕೆಲಸವಿಲ್ಲ’ ಎಂದರೆ ಹೇಗಿದ್ದೀತು? ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿವೆ. ಪುರುಷರ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೇಮ್ಸ್ ಸ್ಮಿತ್ ಹೂಡಿದ ಮೊಕದ್ದಮೆಯಲ್ಲಿ 1978ರಲ್ಲಿ ಮೇಲ್ಮನವಿ ನ್ಯಾಯಾಲಯ, ಆತನನ್ನು ಆರಿಸಿದ್ದ 1968ರ ಡ್ರಾಫ್ಟ್ ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆಯೆಂದು ತೀರ್ಪಿತ್ತಿತು. ಮತ್ತೆ ಇತರ ಲೀಗ್‌ಗಳಲ್ಲಿ ಡ್ರಾಫ್ಟ್ ಹೇಗೆ ಉಳಿದಿದೆ? ಆಟಗಾರರ ಸಂಘ ಸಾಮೂಹಿಕ ಒಪ್ಪಂದದಲ್ಲಿ ಅದಕ್ಕೆ ಸಮ್ಮತಿಸಿದರೆ ಕಾನೂನು ಅಡ್ಡಬರುವುದಿಲ್ಲ. ಅಂದರೆ ಕೀಲಿಕೈ ಇರುವುದು ಸಂಘದ ಬಳಿ.

ಮಹಿಳಾ ಲೀಗ್‌ಗೆ ಹುಟ್ಟಿದಾಗ ಇಂಥ ಒಪ್ಪಂದವೇ ಇರಲಿಲ್ಲ. ಮೊದಲ ಸಾಮೂಹಿಕ ಒಪ್ಪಂದವಾದದ್ದು 2022ರಲ್ಲಿ. ಅದಕ್ಕೆ ಕೆಲವು ತಿಂಗಳ ಹಿಂದೆ, 2021ರಲ್ಲಿ, ಲೀಗ್‌ನ ಕೆಲವು ತರಬೇತುದಾರರ ದುರ್ವರ್ತನೆಯ ಆರೋಪಗಳು ಹೊರಬಿದ್ದು ದೊಡ್ಡ ಕೋಲಾಹಲವಾಗಿತ್ತು. ಅಮೆರಿಕದ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಸ್ಯಾಲಿ ಯೇಟ್ಸ್ ಅವರ ವರದಿ 2022ರ ಅಕ್ಟೋಬರ್‌ನಲ್ಲಿ ಬಂದಾಗ, ದೌರ್ಜನ್ಯ ವ್ಯವಸ್ಥೆಯೊಳಗೇ ಬೇರೂರಿತ್ತೆಂದು ಹೇಳಿತು. ಪೋರ್ಟ್‌ಲೆಂಡ್ ಅಭಿಮಾನಿಗಳೇ ತಮ್ಮ ಕ್ಲಬ್ಬಿನ ವಿರುದ್ಧ ಪ್ರತಿಭಟಿಸಿದರು. ತಂಡ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದವರಿಗೆ ದೂರು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಯಾವ ಊರಿನಲ್ಲಿ ಯಾರ ಕೈಕೆಳಗೆ ಆಡಬೇಕೆಂಬುದು ಬರೀ ಸಂಬಳದ ವಿಚಾರವಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಇನ್ನೊಂದು ಒತ್ತಡ ಯೂರೋಪಿನಿಂದ ಬಂದಿತು. ಅಲ್ಲಿ ಡ್ರಾಫ್ಟ್ ಎಂಬುದೇ ಇಲ್ಲ. ಕ್ಲಬ್ಬೂ ಆಟಗಾರ್ತಿಯೂ ಮಾತಾಡಿ ಒಪ್ಪಿದರೆ ಆಯಿತು. 2021ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ರತಿಭಾವಂತೆ ಕ್ಯಾಟರಿನಾ ಮಕಾರಿಯೊ ಡ್ರಾಫ್ಟ್‌ಗೆ ಹೆಸರು ಕೊಡದೆ ಫ್ರಾನ್ಸಿನ ಲಿಯಾನ್ ಕ್ಲಬ್ ಸೇರಿದರು. ಹುಡುಗಿಯರಿಗೆ ಜಗತ್ತಿನ ಬಾಗಿಲುಗಳು ತೆರೆದಾಗ ಒಂದೇ ಬಾಗಿಲು ತೋರಿಸುವ ಲೀಗ್ ಹಿಂದೆ ಬೀಳುತ್ತದೆಂಬುದು ಮಾಲೀಕರಿಗೂ ಅರ್ಥವಾಯಿತು.

ಕಳೆದದ್ದು, ಪಡೆದದ್ದು

2024ರ ಒಪ್ಪಂದ 2030ರವರೆಗೆ ಇರುತ್ತದೆ. ಡ್ರಾಫ್ಟ್ ಇಲ್ಲ, ಒಪ್ಪಂದದ ಅವಧಿ ಮುಗಿದವರು ಇಷ್ಟಬಂದಲ್ಲಿಗೆ ಹೋಗಬಹುದು, ಒಪ್ಪಿಗೆಯಿಲ್ಲದೆ ಯಾರನ್ನೂ ಬೇರೆ ತಂಡಕ್ಕೆ ಕಳುಹಿಸುವಂತಿಲ್ಲ. ಕನಿಷ್ಠ ಸಂಬಳ 2025ರಲ್ಲಿ 48,500 ಡಾಲರ್, 2030ಕ್ಕೆ 82,500. ಆರು ಸಾವಿರದ ದಿನಗಳಿಂದ ಇಲ್ಲಿಗೆ ದೂರ ಬಹಳ.

ಆದರೂ ಡ್ರಾಫ್ಟನ್ನು ನೆನೆಯುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಸೋತ ತಂಡಕ್ಕೆ ಮುಂದಿನ ವರ್ಷದ ಭರವಸೆಯನ್ನು ಅದು ಕೊಡುತ್ತಿತ್ತು. ಸಮುದ್ರತೀರದ ದೊಡ್ಡ ನಗರಗಳು, ಶ್ರೀಮಂತ ಮಾಲೀಕರು ಒಳ್ಳೆಯವರನ್ನೆಲ್ಲ ಸೆಳೆದುಕೊಂಡರೆ ಚಿಕ್ಕ ಊರಿನ ಗತಿಯೇನು ಎಂಬ ಬರ್ಟ್ ಬೆಲ್‌ನ ಹಳೆಯ ಕೊರಗು ಮತ್ತೆ ಕೇಳಿಬರುತ್ತದೆ. ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಿರುವುದರಿಂದ ಅದಕ್ಕೆ ಸ್ವಲ್ಪ ತಡೆಯಿದೆ. ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗದ್ದು. ನಾಲ್ಕನೆಯ ಸುತ್ತಿನಲ್ಲಿ ಆಯ್ಕೆಯಾದ, ಯಾರೂ ಕೇಳದ ಕಾಲೇಜಿನ ಹುಡುಗಿಯ ಹೆಸರನ್ನೂ ಅಂದು ದೇಶದೆದುರು ಕರೆಯುತ್ತಿದ್ದರು. ಅವಳ ಮನೆಯವರಿಗೆ ಅದು ಮರೆಯಲಾಗದ ದಿನ. ಈಗ ಅಂಥವಳು ತಾನೇ ಕ್ಲಬ್ಬುಗಳ ಬಾಗಿಲು ತಟ್ಟಬೇಕು.

ಎರಡೂ ಕಾಲಗಳನ್ನು ಕಂಡವರು ರೋಸ್ ಲವೆಲ್. 2017ರ ಡ್ರಾಫ್ಟ್‌ನಲ್ಲಿ ಬಾಸ್ಟನ್ ಬ್ರೇಕರ್ಸ್ ಅವರನ್ನು ಮೊದಲನೆಯವರಾಗಿ ಆರಿಸಿತು. ಮರುವರ್ಷದ ಜನವರಿಯಲ್ಲಿ ಆ ತಂಡವೇ ಮುಚ್ಚಿತು. ಅನಾಥರಾದ ಆಟಗಾರ್ತಿಯರನ್ನು ಹಂಚಲು ಮತ್ತೊಂದು ಡ್ರಾಫ್ಟ್. ಲವೆಲ್ ವಾಷಿಂಗ್ಟನ್ ಪಾಲಾದರು. 2019ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದು ಜಗತ್ಪ್ರಸಿದ್ಧರಾದ ಮೇಲೂ ಮರುವರ್ಷ ಅವರ ಹಕ್ಕನ್ನು ವಾಷಿಂಗ್ಟನ್ ಇನ್ನೊಂದು ತಂಡಕ್ಕೆ ಕೊಟ್ಟಿತು. ಅನುಭವಿಗಳಿಗೆ ಸ್ವತಂತ್ರವಾಗಿ ತಂಡ ಆರಿಸುವ ಅವಕಾಶ ಬಂದ ಮೇಲೆ, 2024ರ ಋತುವಿಗೆ, ಅವರು ತಾವೇ ಗಾಥಮ್ ಎಫ್‌ಸಿ ತಂಡವನ್ನು ಆರಿಸಿಕೊಂಡರು. 2025ರ ನವೆಂಬರ್‌ನ ಅಂತಿಮ ಪಂದ್ಯದಲ್ಲಿ ಗಾಥಮ್ ವಾಷಿಂಗ್ಟನ್ನನ್ನು 1–0ರಿಂದ ಸೋಲಿಸಿತು. ಆ ಒಂದು ಗೋಲು ಲವೆಲ್ ಅವರದು.

ಪೋರ್ಟ್‌ಲೆಂಡ್‌ನಲ್ಲಿ ಜನವರಿಯ ಮಳೆ ನಿಂತಿಲ್ಲ. ಹೊಸಬರು ಯಾರು ಬರುತ್ತಾರೆಂಬ ಕುತೂಹಲವೂ ಎಲ್ಲಿಗೂ ಹೋಗುವಂಥದ್ದಲ್ಲ. ಆದರೆ ಪ್ರಶ್ನೆ ತಿರುಗಿ ನಿಂತಿದೆ: ಅವಳು ನಮ್ಮ ಊರನ್ನು ಏಕೆ ಆರಿಸಬೇಕು? ಇದಕ್ಕೆ ಸರದಿಯ ಲೆಕ್ಕ ಸಾಲದು. ಒಳ್ಳೆಯ ತರಬೇತಿ ಮೈದಾನ, ವೈದ್ಯರು, ನಂಬಬಹುದಾದ ತರಬೇತುದಾರರು, ಮಳೆಯಲ್ಲೂ ನಿಂತು ಹಾಡುವ ಪ್ರೇಕ್ಷಕರು ಬೇಕು. 2024ರ ಮಾರ್ಚ್‌ನಲ್ಲಿ ಕಾನ್ಸಾಸ್ ಸಿಟಿ ತಂಡ ಮಹಿಳಾ ಫುಟ್‌ಬಾಲಿಗೆಂದೇ ಕಟ್ಟಿಸಿದ, 11,500 ಆಸನಗಳ ಕ್ರೀಡಾಂಗಣವನ್ನು ತೆರೆಯಿತು. ಸಮುದ್ರವಿಲ್ಲದ, ಮಧ್ಯಮ ಗಾತ್ರದ ಆ ಊರು ಪ್ರತಿಭೆಗಳನ್ನು ಕರೆಯಲು ಕಂಡುಕೊಂಡ ಉತ್ತರ ಅದು. ಉಳಿದ ಊರುಗಳೂ ತಮ್ಮ ತಮ್ಮ ಉತ್ತರವನ್ನು ಹುಡುಕಿಕೊಳ್ಳಬೇಕಾಗಿದೆ.